ಮಂಜಾದ ಹೆಡ್‌ಲೈಟೂ ಆಸಾಡಿಯ ಮಳೆಯೂ

"ನನಗೆ ಚೆನ್ನಾಗಿ ನೆನಪಿದೆ" ಎಂದು ಮಾತು ಶುರು ಮಾಡುವವರನ್ನು ಕಂಡರೆ ನಾನು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ನೆನಪು ಎಷ್ಟು ಅಚ್ಚುಕಟ್ಟಾಗಿರುತ್ತದೋ ಅಷ್ಟು ಅನುಮಾನ ಪಡಬೇಕು ಎಂಬುದು ನನ್ನ ಸಿದ್ಧಾಂತ. ನನ್ನ ಮದುವೆಯನ್ನೇ ತೆಗೆದುಕೊಳ್ಳಿ. ಬ್ರಹ್ಮಾವರದ ಕಲ್ಯಾಣಮಂಟಪದಲ್ಲಿ ಧಾರೆಯ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು, ಸೋದರತ್ತೆ ನನ್ನ ಬೆನ್ನ ಹಿಂದೆ ನಿಂತು ಬೀಸಣಿಗೆ ಬೀಸಿದರು ಎಂದು ಇಪ್ಪತ್ತೆರಡು ವರ್ಷಗಳಿಂದ ಹೇಳಿಕೊಂಡು ಬಂದಿದ್ದೆ. ಹೋದ ವರ್ಷ ಆಲ್ಬಮ್ ತೆಗೆದು ನೋಡಿದರೆ ನನ್ನ ತಲೆಯ ಮೇಲೆ ಫ್ಯಾನು ತಿರುಗುತ್ತಿದೆ, ಸೋದರತ್ತೆ ಆ ಫೋಟೋದಲ್ಲೇ ಇಲ್ಲ. ಕುಂದಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಅಲ್ಲಿಗೆ ಬರುವವರದೂ ಇದೇ ಕಥೆ. ಮಸುಕಾದ ಕಾಗದ ಕೊಡುತ್ತಾರೆ, ಮಸುಕಾದ ಪ್ರತಿ ಬರುತ್ತದೆ. "ಹ್ವಾಯ್, ಒರಿಜಿನಲ್ ಸಮಾ ಇದ್ದಿತ್ತ್ ಮಾರಾಯ್ರೆ, ನಿಮ್ ಮಿಷನ್ನಿಗೇ ಎಂತದೋ ಆಯ್ತ್" ಎನ್ನುತ್ತಾರೆ. ಒರಿಜಿನಲ್ ಅವರ ಕೈಯಲ್ಲೇ ಇರುತ್ತದೆ. ಅದನ್ನು ತಿರುಗಿಸಿ ನೋಡುವವರು ಕಡಿಮೆ.

ಇಷ್ಟೆಲ್ಲ ತಿಳಿದಿದ್ದೂ ನಾನು ಒಂದು ನೆನಪನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ್ದೆ. ಅದು ನಮ್ಮ ಕಾರಿನ ಹೆಡ್‌ಲೈಟಿನದು. ನಾಲ್ಕು ವರ್ಷದ ಹಿಂದೆ ವಂಡ್ಸೆಯ ಒಬ್ಬರಿಂದ ಈ ಸೆಕೆಂಡ್ ಹ್ಯಾಂಡ್ ಕಾರನ್ನು ಕೊಂಡೆವು. ಕೊಂಡದ್ದು ಆಷಾಢದಲ್ಲಿ. ನಮ್ಮ ಕಡೆ ಆಸಾಡಿ ಎನ್ನುತ್ತಾರೆ. ಆ ತಿಂಗಳಲ್ಲಿ ಮದುವೆಯಿಲ್ಲ, ಮನೆಯೊಕ್ಕಲಿಲ್ಲ, ಹೊಸ ಸಾಮಾನು ಹೊಸ್ತಿಲು ದಾಟುವುದಿಲ್ಲ. ವಾಹನವನ್ನಂತೂ ಯಾರೂ ಮುಟ್ಟುವುದಿಲ್ಲ. ಆದ್ದರಿಂದಲೇ ಕೊಳ್ಳಬೇಕು ಎಂದು ನಾನು ವಾದಿಸಿದೆ. ನಾನು ಸ್ವಲ್ಪ ವಿಚಾರವಾದಿ, ಮತ್ತು ಕೊಳ್ಳುವವರಿಲ್ಲದ ತಿಂಗಳಲ್ಲಿ ಮಾರುವವರು ಮೆತ್ತಗಿರುತ್ತಾರೆ ಎಂಬುದೂ ಒಂದು ವಿಚಾರವೇ. ಕೊಡೆ ಹಿಡಿದುಕೊಂಡು ಆ ಕಾರಿನ ಸುತ್ತ ಮೂರು ಸುತ್ತು ಬಂದೆ. ಹೆಡ್‌ಲೈಟುಗಳ ಮುಂದೆ ಬಗ್ಗಿ ನೋಡಿದೆ. ಆಗಷ್ಟೇ ತೊಳೆದಿಟ್ಟ ಗಾಜಿನ ಲೋಟದಂತೆ ಇದ್ದವು. ಒಳಗಿನ ಬಲ್ಬು, ಬಲ್ಬಿನ ಹಿಂದಿನ ಬೆಳ್ಳಿಯ ಬಟ್ಟಲು, ಆ ಬಟ್ಟಲಿನ ತಳದಲ್ಲಿ ಸತ್ತು ಬಿದ್ದಿದ್ದ ಒಂದು ಸೊಳ್ಳೆಯ ಕಾಲು ಕೂಡ ಕಾಣುತ್ತಿತ್ತು. ಸೊಳ್ಳೆಯ ಕಾಲು ಕಂಡವನ ನೆನಪನ್ನು ಯಾರು ತಾನೇ ಅನುಮಾನಿಸುತ್ತಾರೆ?

ಕಾರು ಕೊಂಡದ್ದು ನಾನು, ಓಡಿಸುವುದು ನನ್ನ ಹೆಂಡತಿ ವನಜ. ನಾನೂ ಕಲಿಯಲು ಹೋಗಿದ್ದೆ. ಕಲಿಸುವವರು ಹತ್ತನೆಯ ದಿನ ಕಾರನ್ನು ಬದಿಗೆ ನಿಲ್ಲಿಸಿ, "ನೀವ್ ವಿಚಾರ ಮಾಡುದ್ ಜಾಸ್ತಿ. ಬ್ರೇಕ್ ವಿಚಾರ ಮಾಡಿ ಒತ್ತುದಲ್ಲ" ಎಂದರು. ವನಜ ವಿಚಾರ ಮಾಡದೆ ಒತ್ತುತ್ತಾಳೆ, ಆದ್ದರಿಂದ ಅವಳಿಗೆ ಲೈಸೆನ್ಸ್ ಸಿಕ್ಕಿತು. ತಲ್ಲೂರಿನ ನಮ್ಮ ಮನೆಯಲ್ಲೇ ಅವಳು ಬ್ಲೌಸು ಹೊಲಿಯುತ್ತಾಳೆ. ಈ ಜೂನ್‌ನಿಂದ ಬೈಂದೂರಿನಲ್ಲಿ ಏಳು ಜನ ಹೆಂಗಸರಿಗೆ ಹೊಲಿಗೆ ಕಲಿಸಲು ಹೋಗುತ್ತಿದ್ದಾಳೆ, ಮಂಗಳವಾರ ಮತ್ತು ಶುಕ್ರವಾರ. ಅವರ ಮನೆಕೆಲಸ ಮುಗಿಯುವುದೇ ನಾಲ್ಕಕ್ಕೆ, ಹಾಗಾಗಿ ಕ್ಲಾಸು ನಾಲ್ಕೂವರೆಯಿಂದ ಆರೂವರೆ. ಮಳೆಗಾಲದ ಆರೂವರೆ ಎಂದರೆ ಏನೆಂದು ಗೊತ್ತಲ್ಲ, ಆಕಾಶ ಬಾಗಿಲು ಹಾಕಿ ಮಲಗಿರುತ್ತದೆ. ವನಜಳಿಗೆ ಈ ಕ್ಲಾಸು ಎಷ್ಟು ಮುಖ್ಯ ಎಂಬುದು ನನಗೆ ತಿಳಿದದ್ದು ಅವಳು ಬಾಯಿಬಿಟ್ಟು ಹೇಳಿದ್ದರಿಂದಲ್ಲ. ಕ್ಲಾಸಿನ ಹಿಂದಿನ ದಿನ ಅವಳು ತನ್ನ ಸೀರೆಗೆ ತಾನೇ ಇಸ್ತ್ರಿ ಹಾಕಿಕೊಂಡು ಎರಡು ಸಲ ಮಡಚುತ್ತಿದ್ದಳು. ಬೇರೆಯವರ ಬಟ್ಟೆಗೇ ಬದುಕು ಕಳೆದವಳು ತನ್ನದಕ್ಕೆ ಇಸ್ತ್ರಿ ಹಾಕಿದ್ದನ್ನು ನಾನು ಅದಕ್ಕೆ ಮುಂಚೆ ಕಂಡ ನೆನಪಿಲ್ಲ. ಆ ನೆನಪನ್ನೂ ಪೂರ್ತಿ ನಂಬಬೇಡಿ.

ಇಂಥ ಒಂದು ಶುಕ್ರವಾರ ಅವಳು ಮನೆಗೆ ಬಂದು ಕಾರಿನ ಕೀಲಿಯನ್ನು ಮೊಳೆಗೆ ನೇತುಹಾಕಿ, ಒಂದು ಚೊಂಬು ನೀರು ಪೂರ್ತಿ ಕುಡಿದು, "ಇನ್ ನಾ ಬೈಂದೂರಿಗ್ ಹೋತಿಲ್ಲೆ" ಎಂದಳು. ನಾವುಂದದ ಹತ್ತಿರ ರಸ್ತೆಯ ನಡುವೆ ಒಂದು ಎಮ್ಮೆ ನಿಂತಿತ್ತಂತೆ. ಕಪ್ಪು ಎಮ್ಮೆ, ಕಪ್ಪು ರಸ್ತೆ, ಕಪ್ಪು ಮಳೆ. ಅವಳು ಬ್ರೇಕು ಒತ್ತಿದಾಗ ಎಮ್ಮೆಗೂ ಕಾರಿಗೂ ನಡುವೆ ಒಂದು ಬ್ಲೌಸ್ ಪೀಸಿನಷ್ಟು ಜಾಗ ಇತ್ತು. "ಲೈಟ್ ಹಾಕಿದ್ಯಲ್ದಾ?" ಎಂದು ಕೇಳಿದೆ. "ಹಾಕಿದೆ. ಅದ್ ಲೈಟಾ? ಗಂಜಿ ತಿಳಿಯಗೆ ಮಿಂಚುಳ ಬಿಟ್ಟಂಗ್ ಇತ್ತ್" ಎಂದಳು. "ಹಾಂಗಾರೆ ಬಸ್ಸಿನಗ್ ಹೋಪ್ಲಕ್ಕಲ್ಲ" ಎಂದೆ. ಇಂಥ ಮಾತನ್ನು ಆಡುವ ಮುಂಚೆ ನಾನು ವಿಚಾರ ಮಾಡುವುದಿಲ್ಲ. "ಹೊಲಿಗಿ ಮಿಷನ್ ತಲಿ ಮೇಲ್ ಹೊತ್ಕಂಡ್ ಹೋಯ್ಕಾ?" ಎಂದು ಕೇಳಿ ಅವಳು ಒಳಗೆ ಹೋದಳು. ಒಳಗಿನಿಂದ ಇಷ್ಟು ಕೇಳಿಸಿತು: "ಕ್ಲಾಸಿನ್ ಆ ಉಪ್ಪುಂದದ್ ಹೆಣ್ ಪಾಪ ನನ್ನ ನಂಬಿ ಹೊಸ ಮಿಷನ್ನೇ ತಕಂಡಿತ್."

ಮರುದಿನ ತಲ್ಲೂರಿನ ಗ್ಯಾರೇಜಿನ ಸೀನನಿಗೆ ಕಾರು ತೋರಿಸಿದೆವು. ನನಗಿದ್ದ ಅನುಮಾನ ಬಲ್ಬಿನ ಮೇಲೆ. ಸೀನ ಹೆಡ್‌ಲೈಟಿನ ಮೇಲೆ ಬೆರಳಾಡಿಸಿ ನಕ್ಕ. "ಬಲ್ಬ್ ಎಂತ ಮಾಡತ್ ಅಣ್ಣ ಪಾಪ? ಎದ್ರಿಗೆ ಪರ್ದೆ ಹಾಕ್ದಂಗ್ ಇತ್ತ್. ಇದ್ ಗಾಜಲ್ಲ, ಪ್ಲಾಸ್ಟಿಕ್. ಬಿಸ್ಲಿಗೆ ಮೇಲಿನ್ ಪದರ ಸತ್ತೋಯ್ತ್." ಹೊಸದು ಹಾಕಲು ಹೇಳಿದರೆ, ಈ ಗಾಡಿ ಮಾಡುವುದನ್ನೇ ನಿಲ್ಲಿಸಿದ್ದಾರೆ, ಮಂಗಳೂರಿನಲ್ಲಿ ಹುಡುಕಿಸಬೇಕು, "ಸಿಕ್ರೆ ಮೂರ್ ವಾರ, ಸಿಕ್ದಿರೆ ಗೊತ್ತಿಲ್ಲೆ" ಎಂದ. ನೀನೇ ಉಜ್ಜಿ ಹೊಳಪು ಮಾಡಿಕೊಡು ಎಂದರೆ ಕೈ ತಿರುಗಿಸಿ ತನ್ನ ಅಂಗಳ ತೋರಿಸಿದ. ಎಂಜಿನ್ನಿಗೆ ಮಳೆನೀರು ನುಗ್ಗಿ ನಿಂತ ಒಂಬತ್ತು ವಾಹನಗಳು ಬಾಯಿ ತೆರೆದುಕೊಂಡು ಸರದಿಯಲ್ಲಿ ನಿಂತಿದ್ದವು. "ಮುಂದಿನ್ ವಾರ ಕಾಂಬ." ಮುಂದಿನ ವಾರ ಎಂದರೆ ಮಂಗಳವಾರ ಕಳೆದ ಮೇಲೆ. ಮನೆಗೆ ಬಂದಾಗ ವನಜ ಕ್ಲಾಸಿನ ಹೆಂಗಸರಿಗೆ ಫೋನಿನಲ್ಲಿ ಸಂದೇಶ ಬರೆಯುತ್ತಿದ್ದಳು. ಮಂಗಳವಾರ ಮಾತ್ರವಲ್ಲ, ಮಳೆಗಾಲ ಮುಗಿಯುವವರೆಗೆ ಕ್ಲಾಸಿಲ್ಲ ಎಂದು. ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಬೇರೆ ಟೀಚರನ್ನು ಹಿಡಿದಿರುತ್ತಾರೆ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. "ಸೋಮವಾರ ಸಾಯಂಕಾಲದವರಿಗೆ ತಡಿ. ನಾನ್ ಮನಿಯಗೇ ಸಮಾ ಮಾಡ್ತೆ" ಎಂದೆ. ಅವಳು ನನ್ನನ್ನು ನೋಡಿದಳು. ಹಿಂದೆ ನಾನು ಮನೆಯಲ್ಲೇ ಸರಿಮಾಡಿದ ಮಿಕ್ಸಿಯನ್ನೂ ನೋಡಿದಳು. ಸಂದೇಶ ಕಳಿಸದೆ ಫೋನು ಕೆಳಗಿಟ್ಟಳು.

ಕೆಲಸಕ್ಕೆ ಇಳಿಯುವ ಮುಂಚೆ ಅಪರಾಧಿ ಯಾರೆಂದು ತಿಳಿಯಬೇಕು ಎಂಬುದು ನನ್ನ ಹಟ. ಕೊಳ್ಳುವಾಗ ಲೋಟದಂತಿದ್ದ ಹೆಡ್‌ಲೈಟು ನಾಲ್ಕೇ ವರ್ಷದಲ್ಲಿ ಗಂಜಿ ತಿಳಿಯಾಗಿದೆ ಎಂದರೆ ನಡುವೆ ಯಾರೋ ಏನೋ ಮಾಡಿದ್ದಾರೆ. ಮರವಂತೆಯ ಸಮುದ್ರದ ಉಪ್ಪುಗಾಳಿ ಎಂದುಕೊಂಡೆ. ಆದರೆ ಆ ಗಾಳಿ ನನ್ನ ಮುಖಕ್ಕೂ ಹೊಡೆದಿದೆ, ನಾನು ಮಂಜಾಗಿಲ್ಲ. ಪಾತ್ರೆ ತಿಕ್ಕುವ ನಾರಿನಲ್ಲಿ ಯಾರೋ ತೊಳೆದಿರಬಹುದು. ಮನೆಯಲ್ಲಿ ಪಾತ್ರೆ ತಿಕ್ಕುವ ನಾರನ್ನು ಹಿಡಿಯುವವರು ಇಬ್ಬರೇ, ಅದರಲ್ಲಿ ಒಬ್ಬ ನಾನು, ಆದ್ದರಿಂದ ತನಿಖೆ ಅಲ್ಲಿಗೇ ನಿಂತಿತು. ಕೊನೆಗೆ ಅನುಮಾನ ವನಜಳ ಅಮ್ಮನ ಮೇಲೆ, ಅಂದರೆ ನನ್ನ ಅತ್ತೆಯವರ ಮೇಲೆ ಬಂತು. ಪ್ರತಿ ಆಯುಧಪೂಜೆಗೆ ಅವರು ಬ್ರಹ್ಮಾವರದಿಂದ ಬಂದು ಕಾರಿನ ಎರಡೂ ಕಣ್ಣಿಗೆ ಅಂಗೈಯಗಲ ಗಂಧ ಬಳಿಯುತ್ತಾರೆ. ನಾಲ್ಕು ವರ್ಷದ ಗಂಧ ಪ್ಲಾಸ್ಟಿಕ್ಕಿಗೆ ಇಳಿದಿದೆ. "ನಂಗ್ ಸಮಾ ನೆನಪಿತ್ತ್ ವನಜ, ತಕಂಬತಿಗೆ ಸೊಳ್ಳಿ ಕಾಲ್ ಸಹ ಕಾಂತಿದ್ದಿತ್ತ್" ಎಂದು ಈ ಸಿದ್ಧಾಂತವನ್ನು ಮಂಡಿಸಿದೆ. ವನಜ ಯಾರದೋ ಬ್ಲೌಸಿಗೆ ತೋಳು ಕೂಡಿಸುತ್ತಿದ್ದಳು. ನನ್ನನ್ನು ಒಮ್ಮೆ ನೋಡಿ ಮತ್ತೆ ತಲೆ ತಗ್ಗಿಸಿದಳು. ಬಾಯಲ್ಲಿ ಗುಂಡುಸೂಜಿಗಳಿದ್ದವು, ಅದಕ್ಕೇ ಮಾತಾಡಲಿಲ್ಲ ಎಂದುಕೊಂಡೆ.

ನಮ್ಮೂರಿನಲ್ಲಿ ಯಾವುದಕ್ಕೆ ಬರವಿದ್ದರೂ ಸಲಹೆಗೆ ಬರವಿಲ್ಲ. ಪಕ್ಕದ ಮನೆಯ ಶೇಷಮ್ಮ ಬೇಲಿಯಾಚೆಯಿಂದಲೇ, "ಹುಳಿ, ಬೂದಿ ಹಾಕಿ ತಿಕ್ಕಿ. ದೀಪ ಹೊಳೂದಿಲ್ಯಾ? ಇದೂ ದೀಪವೇ ಅಲ್ದಾ?" ಎಂದರು. ತರ್ಕದಲ್ಲಿ ತಪ್ಪು ಹುಡುಕಲು ನನಗೆ ಅರ್ಧ ಗಂಟೆ ಬೇಕಾಯಿತು. ಅಂಗಡಿಗೆ ಬಂದ ಒಬ್ಬರು ಸೊಳ್ಳೆ ಕಚ್ಚದಂತೆ ಹಚ್ಚುವ ಮುಲಾಮು ಎಂದರು. ಇನ್ನೊಬ್ಬರು ಮರಗೆಲಸದವರು ಹಿಂದೆ ಮರ ನುಣುಪು ಮಾಡಲು ಉಜ್ಜುತ್ತಿದ್ದ ಒರಟು ಎಲೆಯನ್ನು ಹೆಸರಿಸಿದರು. ಆ ಎಲೆ ಎಲ್ಲಿ ಸಿಗುತ್ತದೆಂದು ಕೇಳಿದರೆ "ಮುಂಚೆ ಎಲ್ಲಾ ಕಡೆ ಇದ್ದಿತ್ತ್" ಎಂದರು. ಫೋನಿನ ವಿಡಿಯೋದಲ್ಲಿ ಒಬ್ಬ, ಮುಖ ತೋರಿಸದೆ ಎರಡು ಕೈ ಮಾತ್ರ ತೋರಿಸಿ, ಹಲ್ಲುಜ್ಜುವ ಪೇಸ್ಟ್ ಹಚ್ಚಿ ಉಜ್ಜಿದ. ಕೊನೆಗೆ ನೀರು ಸುರಿದ. ಪಳಪಳ. ಅಲ್ಲಿಗೆ ವಿಡಿಯೋ ಮುಗಿಯಿತು. ನೀರು ಸುರಿದ ತಕ್ಷಣವೇ ಏಕೆ ಮುಗಿಯಿತು ಎಂಬ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ. ಹಲ್ಲು ಹೊಳೆಯುವಂಥದ್ದರಲ್ಲಿ ದೀಪ ಹೊಳೆಯುವುದು ಸಹಜವೇ ಎನಿಸಿತು. ಶೇಷಮ್ಮನ ತರ್ಕ ನನ್ನೊಳಗೂ ಇಳಿದಿತ್ತು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕಾರಿನ ಮೇಲೆ ಟಾರ್ಪಾಲು ಕಟ್ಟಿ ಕೆಲಸಕ್ಕೆ ಕೂತೆ. ಮಳೆ ಸಣ್ಣಗೆ ಹೊಡೆಯುತ್ತಿತ್ತು. ಎಡಗಡೆಯ ಲೈಟಿಗೆ ಪೇಸ್ಟ್ ಹಚ್ಚಿ ಇಪ್ಪತ್ತು ನಿಮಿಷ ಉಜ್ಜಿ ಒಂದು ಚೊಂಬು ನೀರು ಹೊಯ್ದೆ. ನಂಬುತ್ತೀರಾ, ಬಲ್ಬು ಕಂಡಿತು! "ವನಜಾ, ಬಾ ಕಾಣ್" ಎಂದು ಕೂಗಿದೆ. ಅವಳು ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ಚಪ್ಪಲಿ ಹುಡುಕಿ ಬಂದಳು. "ಎಂತ ಕಾಂಬುದ್?" ಎಂದಳು. ನೋಡುತ್ತೇನೆ, ಅದೇ ಗಂಜಿ ತಿಳಿ, ಪುದೀನದ ವಾಸನೆ ಮಾತ್ರ ಹೆಚ್ಚು. ಮತ್ತೆ ಉಜ್ಜಿದೆ, ಮತ್ತೆ ನೀರು, ಮತ್ತೆ ಬಲ್ಬು. ಮತ್ತೆ ಕೂಗಿದೆ. ಅವಳು ಬರುವಷ್ಟರಲ್ಲಿ ಮತ್ತೆ ಗಂಜಿ. ಮೂರನೆಯ ಸಲ ಅವಳು ಬಾಗಿಲಲ್ಲೇ ನಿಂತು "ನಾ ಬಂದ್ರೆ ಮಂಜಾತ್ತಾ ಅದ್?" ಎಂದಳು. ನನಗೂ ಒಂದು ಕ್ಷಣ ಹಾಗೆಯೇ ಎನಿಸಿತ್ತು, ಹೇಳಲಿಲ್ಲ. ಇದರ ನಡುವೆ ಇನ್ನೊಂದು ಗೊಂದಲ. ಕಾರಿನ ಎಡ ಎಂದರೆ ಸೀಟಿನಲ್ಲಿ ಕೂತವರ ಎಡವೋ, ಎದುರಿಗೆ ಕುಕ್ಕರುಗಾಲಲ್ಲಿ ಕೂತವನ ಎಡವೋ? ಚಹಾ ಕುಡಿದು ಬಂದಾಗಲೆಲ್ಲ ನಾನು ಬಲಗಡೆಯದನ್ನು ಶುರು ಮಾಡುತ್ತಿದ್ದೇನೆಂದು ತಿಳಿದುಕೊಂಡು ಎಡದ್ದನ್ನೇ ಉಜ್ಜುತ್ತಿದ್ದೆ, ಅಥವಾ ಅದರ ತಿರುಗುಮುರುಗು. ಫೋನಿನಲ್ಲಿ ತೆಗೆದ ಫೋಟೋಗಳು ಇವೆ. ಯಾವುದು ಉಜ್ಜುವ ಮುಂಚಿನದು, ಯಾವುದು ಆಮೇಲಿನದು ಎಂದು ಅವು ಹೇಳುವುದಿಲ್ಲ.

ಹನ್ನೊಂದು ಗಂಟೆಗೆ ನನಗೆ ಸಿಟ್ಟು ಬಂತು. ಸಿಟ್ಟು ಬಂದವನ ಕೈಗೆ ಹಳೆಯ ಬಾಗಿಲು ಉಜ್ಜಿ ಉಳಿದಿದ್ದ ಮರಳುಕಾಗದ ಸಿಗಬಾರದು. ಸಿಕ್ಕಿತು. ಎರಡೂ ಲೈಟನ್ನು ಗುಂಡಗುಂಡಗೆ ತಿಕ್ಕಿದೆ. ಹಳದಿ ಬಣ್ಣದ ನೀರು ಇಳಿಯಿತು. ಕೊಳೆ ಹೋಗುತ್ತಿದೆ ಎಂದು ಹಿಗ್ಗಿ ಇನ್ನಷ್ಟು ತಿಕ್ಕಿದೆ. ಒಣಗಿದ ಮೇಲೆ ನೋಡಿದರೆ ಎರಡೂ ಅಕ್ಕಿಹಿಟ್ಟು ಬಳಿದಂತೆ ಬೆಳ್ಳಗಾಗಿದ್ದವು. ಮುಂಚೆ ದೀಪ ಮಂಕಾಗಿತ್ತು. ಈಗ ಪೂರ್ತಿ ಕುರುಡು. ವನಜ ಫೋನು ಕೈಗೆತ್ತಿಕೊಂಡು ನಿನ್ನೆಯ ಸಂದೇಶವನ್ನು ಮತ್ತೆ ತೆರೆದಳು. "ಸೋಮವಾರ ಸಾಯಂಕಾಲ ಅಂದಿದೆ ನಾನ್" ಎಂದು ಅವಳಿಗೆ ನೆನಪಿಸಿ, ಅಂಗಿ ಬದಲಿಸಿಕೊಂಡು ಗಂಗೊಳ್ಳಿಯ ಬಸ್ಸು ಹತ್ತಿದೆ.

ಗಂಗೊಳ್ಳಿಯಲ್ಲಿ ಬಾಬಣ್ಣ ಇದ್ದಾನೆ. ಫೈಬರ್ ದೋಣಿಗಳ ರಿಪೇರಿ ಅವನ ಕಸುಬು. ವರ್ಷಕ್ಕೊಮ್ಮೆ ದೋಣಿಯ ಕಾಗದಪತ್ರ ಜೆರಾಕ್ಸ್ ಮಾಡಿಸಲು ನನ್ನ ಅಂಗಡಿಗೆ ಬರುತ್ತಾನೆ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತಿರುವುದರಿಂದ ದೋಣಿಗಳೆಲ್ಲ ದಡದ ಮೇಲೆ ಸೂರಿನಡಿ ಮಲಗಿರುತ್ತವೆ, ಅವನು ಅವುಗಳ ಹೊಟ್ಟೆ ಉಜ್ಜುತ್ತ ಕೂತಿರುತ್ತಾನೆ. ನಾನು ಫೋಟೋ ತೋರಿಸಿ, ಪೇಸ್ಟಿನಿಂದ ಮರಳುಕಾಗದದವರೆಗಿನ ಚರಿತ್ರೆಯನ್ನು ಹೇಳಿದೆ. ಅವನು ಬೀಡಿಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಒಂದೊಂದೇ ಫೋಟೋ ನೋಡಿ, ನಾನು ನಿರೀಕ್ಷಿಸದ ಒಂದು ಪ್ರಶ್ನೆ ಕೇಳಿದ. "ಇದ್ರಗೆ ಒದ್ದಿ ಇದ್ದದ್ ಯಾವ್ದ್, ಒಣಗಿದ್ ಯಾವ್ದ್?"

ನಾನು ಫೋಟೋಗಳನ್ನು ಹಿಂದಕ್ಕೂ ಮುಂದಕ್ಕೂ ಸರಿಸಿದೆ.

"ಒದ್ದಿ ಇಪ್ಪತಿಗೆ ಎಲ್ಲ ಚಂದವೇ ಮಾರಾಯ್ರೆ. ಗೀರಿನೊಳಗೆ ನೀರ್ ತುಂಬಿರೆ ಗೀರ್ ಕಾಂತಿಲ್ಲೆ. ದೋಣಿಯೂ ಹಾಂಗೇ. ನೀರಗಿಪ್ಪತಿಗೆ ಹೊಸ್ತ್. ದಡಕ್ಕೆಳ್ದ್ ಒಣಗ್ದ್ ಮೇಲೆ ಅದ್ರ ವಯಸ್ ಗೊತ್ತಾಪುದ್. ಮಳಿಯಗೆ ನಿಂತ್ಕಂಡ್ ಯಾರೂ ದೋಣಿ ತಕಂತಿಲ್ಲೆ" ಎಂದ.

ದಡದ ಮೇಲಿನ ದೋಣಿಗಳೆಲ್ಲ ನನ್ನನ್ನೇ ನೋಡುತ್ತಿವೆ ಎನಿಸಿತು. ವಂಡ್ಸೆ, ಆಸಾಡಿ, ಕೈಯಲ್ಲಿ ಕೊಡೆ. ನನ್ನ ಆ ಅಚ್ಚುಕಟ್ಟಾದ ನೆನಪಿನಲ್ಲಿ ಲೋಟ ಇತ್ತು, ಬಲ್ಬಿತ್ತು, ಸೊಳ್ಳೆಯ ಕಾಲಿತ್ತು, ಮಳೆ ಮಾತ್ರ ಬಿಟ್ಟುಹೋಗಿತ್ತು. ಕೊಡೆಯನ್ನು ನೆನಪಿಟ್ಟುಕೊಂಡು ಮಳೆಯನ್ನು ಮರೆಯುವುದು ಹೇಗೆ ಸಾಧ್ಯ? ಆಗಿತ್ತು. ಆ ಹೆಡ್‌ಲೈಟು ನಾನು ಕೊಳ್ಳುವಾಗಲೇ ಮಂಜಾಗಿತ್ತು. ಯಾರೂ ಕೆಡಿಸಿರಲಿಲ್ಲ. ನಾಲ್ಕು ವರ್ಷ ನಾನು ನೆನಪಿಟ್ಟುಕೊಂಡದ್ದು ಹೆಡ್‌ಲೈಟನ್ನಲ್ಲ, ಅದರ ಮೇಲಿನ ನೀರನ್ನು. ಆಸಾಡಿಯಲ್ಲಿ ವಾಹನ ಕೊಳ್ಳಬಾರದು ಎಂದ ಹಿರಿಯರನ್ನು ನಾನು ಗ್ರಹಗತಿಯ ಕಡೆಯಿಂದ ಎದುರಿಸಲು ಸಿದ್ಧನಾಗಿದ್ದೆ. ಅವರು ಇಷ್ಟು ಸರಳ ಕಾರಣಕ್ಕೂ ಹೇಳಿರಬಹುದು ಎಂದು ಹೊಳೆದಿರಲಿಲ್ಲ. ಅತ್ತೆಯವರಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಆಪಾದನೆಯೂ ಮನಸ್ಸಿನಲ್ಲೇ ಇದ್ದಿದ್ದರೆ ಅಷ್ಟು ಸಾಕಾಗುತ್ತಿತ್ತು. ನಾನದನ್ನು ಅವರ ಮಗಳ ಮುಂದೆ ಗಟ್ಟಿಯಾಗಿ ಹೇಳಿಬಿಟ್ಟಿದ್ದೆ.

ಬಾಬಣ್ಣ ನೀರಿನಲ್ಲಿ ಅದ್ದಿ ಉಜ್ಜುವ ಕಪ್ಪು ಕಾಗದಗಳನ್ನು ದೊರಗಿನಿಂದ ನುಣುಪಿಗೆ ಸಾಲಾಗಿ ಕೊಟ್ಟ, ಉಜ್ಜಿದ ಮೇಲೆ ಹೊಳಪಿಗೆ ಹಚ್ಚುವ ಮೇಣದಂಥ ಮದ್ದು ಒಂದು ಚೂರು ಕೊಟ್ಟ. "ನೀವ್ ಮೇಲಿನ್ ಸತ್ ಪದರ ತೆಗ್ದದ್ದ್ ತಪ್ಪಲ್ಲ. ಹೊಸ್ತ್ ಹಾಕ್ದೇ ಬಿಟ್ರ್ಯಲ್ಲ, ಅದ್ ತಪ್ಪ್. ಪೇಂಟಿನಂಗಡಿಯಗೆ ಬಿಸ್ಲ್ ತಡ್ಕಂಬ ಕ್ಲಿಯರ್ ಕೋಟ್ ಕೇಣಿ. ಮತ್ತೆ, ಥಂಡಿ ಗಾಳಿಗೆ ಹೊಡೂಕಾಗ, ಅದೇ ಹಾಲಿನಂಗೆ ಬೆಳ್ಳಗಾತ್ತ್. ಒಣ ಬಿಸ್ಲ್ ಬೇಕ್" ಎಂದ. ಆಸಾಡಿಯಲ್ಲಿ ಒಣ ಬಿಸಿಲು! "ಅದ್ ಎಲ್ ಸಿಕ್ಕುತ್ತ್?" ಎಂದೆ. "ಅದ್ ಅಂಗಡಿಯಗ್ ಸಿಕ್ಕುದಿಲ್ಲೆ" ಎಂದು ಬಾಬಣ್ಣ ಕಿವಿಯ ಹಿಂದಿನ ಬೀಡಿ ತೆಗೆದ.

ದಾರಿಯಲ್ಲಿ ತೆರೆದಿದ್ದ ಒಂದು ಪೇಂಟಿನಂಗಡಿಯಲ್ಲಿ ಕ್ಲಿಯರ್ ಕೋಟಿನ ಡಬ್ಬಿ ಕೊಂಡು ಬಂದು, ಆ ಸಂಜೆ ನಾನು ದೊರಗು ಕಾಗದ ಹಿಡಿದು ಶುರು ಮಾಡಿದೆ. ವನಜ ಬಾಗಿಲಲ್ಲಿ ನಿಂತು ಐದು ನಿಮಿಷ ನೋಡಿ, "ಗುಂಡ್ಗುಂಡ್ ತಿಕ್ಕಬೇಡಿ ನೀವ್. ನೂಲ್ ಹೋದ್ ಬದಿಗೇ ಕೈ ಹೋಯ್ಕ್" ಎಂದಳು. ಪ್ಲಾಸ್ಟಿಕ್ಕಿಗೆ ನೂಲಿಲ್ಲ ಎಂದೆ. ಅವಳು ಬಂದು ನನ್ನನ್ನು ಬದಿಗೆ ಸರಿಸಿ ಕೂತಳು. ಒಂದು ಕಾಗದದಲ್ಲಿ ಅಡ್ಡ, ಮುಂದಿನದರಲ್ಲಿ ಉದ್ದ, ಅದರ ಮುಂದಿನದರಲ್ಲಿ ಮತ್ತೆ ಅಡ್ಡ. ಹಿಂದಿನ ಗೀರು ಅಳಿಯುವವರೆಗೆ ಮುಂದಿನ ಕಾಗದ ಮುಟ್ಟಲಿಲ್ಲ. ನನ್ನ ಕೆಲಸ ಚೊಂಬಿನಲ್ಲಿ ನೀರು ಹೊಯ್ಯುವುದು, ಆಮೇಲೆ ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿ ಒಣಗಿಸುವುದು. ಒಣಗದೆ ನಾವಿಬ್ಬರೂ ಲೈಟನ್ನು ನೋಡುವಂತಿಲ್ಲ ಎಂದು ನಿಯಮ ಮಾಡಿದ್ದೆ. ನಿಯಮ ಮಾಡುವುದರಲ್ಲಿ ನಾನು ಗಟ್ಟಿ.

ಸೋಮವಾರ ಹನ್ನೆರಡರ ಸುಮಾರಿಗೆ ಕುಂದಾಪುರದಲ್ಲಿ ಬಿಸಿಲು ಬಂತು. ನಾಲ್ಕು ದಿನದ ಮೇಲೆ ಬಂದ ಬಿಸಿಲು. ಜನ ಅಂಗಡಿಯಿಂದ ಹೊರಗೆ ಬಂದು ನೆಂಟರನ್ನು ನೋಡುವಂತೆ ಆಕಾಶ ನೋಡಿದರು. ನಾನು ಬಾಗಿಲಿಗೆ "ಕರೆಂಟ್ ಇಲ್ಲ" ಎಂಬ ಬೋರ್ಡು ತಗುಲಿಸಿ ಓಡಿದೆ. ಪಕ್ಕದ ಅಂಗಡಿಯ ಫ್ಯಾನು ತಿರುಗುತ್ತಿತ್ತು. ಮದುವೆಯ ಆಲ್ಬಮ್ಮಿನಲ್ಲಿ ತಿರುಗಿದಂತೆಯೇ. ಬಸ್ಸು ಬೇಗ ಸಿಗಲಿಲ್ಲ, ತಲ್ಲೂರಿನಲ್ಲಿ ಇಳಿದು ಮನೆ ಮುಟ್ಟುವಷ್ಟರಲ್ಲಿ ಬಿಸಿಲು ಅಂಗಳದಿಂದ ಕಾಲು ತೆಗೆಯುತ್ತಿತ್ತು. ಟಾರ್ಪಾಲು ಬಿಚ್ಚಿತ್ತು. ಹೆಡ್‌ಲೈಟಿನ ಸುತ್ತ ಬ್ಲೌಸಿನ ಲೈನಿಂಗ್ ಬಟ್ಟೆಯ ತುಂಡುಗಳನ್ನು ಒಂದು ಕೂದಲೆಳೆ ಆಚೀಚೆಯಾಗದಂತೆ ಅಂಟಿಸಲಾಗಿತ್ತು. ಕ್ಲಿಯರ್ ಕೋಟಿನ ಡಬ್ಬಿ ಖಾಲಿಯಾಗಿ ಮೆಟ್ಟಿಲ ಮೇಲೆ ಕೂತಿತ್ತು, ಅದರ ಪಕ್ಕ ವನಜ ಕೂತಿದ್ದಳು. "ಮುಟ್ಟಬೇಡಿ. ಮೂರ್ ಸಲ ಹೊಡ್ದೆ. ಒಣಗಿತ್ತ್" ಎಂದಳು. ಬಗ್ಗಿ ನೋಡಿದೆ. ಒಣಗಿದ ಹೆಡ್‌ಲೈಟು, ಬಿಸಿಲಿನಲ್ಲಿ, ಒಂದು ಹನಿ ನೀರಿಲ್ಲದೆ, ಲೋಟದಂತೆ ಹೊಳೆಯುತ್ತಿತ್ತು. ಬಲ್ಬು ಕಂಡಿತು, ಬಟ್ಟಲು ಕಂಡಿತು. ಸೊಳ್ಳೆ ಇರಲಿಲ್ಲ. ಅಲ್ಲೊಂದು ಇರುವೆ ಸತ್ತು ಬಿದ್ದಿತ್ತು.

ಆಗ ನಾನು ಬಾಬಣ್ಣ ಒದ್ದೆಯ ಬಗ್ಗೆ ಹೇಳಿದ್ದನ್ನೂ ಅವಳಿಗೆ ಹೇಳಿದೆ, ತಪ್ಪೊಪ್ಪಿಗೆಯ ದನಿಯಲ್ಲಿ. ಕೊಳ್ಳುವಾಗಲೇ ಮಂಜಾಗಿತ್ತು, ಮಳೆಯಲ್ಲಿ ನನಗೆ ತಿಳಿಯಲಿಲ್ಲ, ನಿನ್ನಮ್ಮನ ಗಂಧದ ತಪ್ಪಿಲ್ಲ.

"ನಂಗ್ ಗೊತ್ತಿತ್ತ್" ಎಂದಳು.

"ಎಂತ ಗೊತ್ತಿತ್ತ್?"

"ನೀವ್ ಕೊಡಿ ಹಿಡ್ಕಂಡ್ ಹಿಂದಿನ್ ಟಯರ್ ಒದ್ದ್ ಕಾಂತಾ ಇದ್ರಿ. ಆ ವಂಡ್ಸೆಯವ್ರ್ ಎದ್ರ್ ಬದಿಯಗೆ ಬಟ್ಟಿ ಚೂರಿಗೆ ತೆಂಗಿನೆಣ್ಣಿ ಅದ್ದಿ ಲೈಟಿಗ್ ಉದ್ದುದ್ ನಾ ಕಂಡಿದೆ. ಮಳಿ ನಿಂತ್ರೂ ಹೊಳಿಲಿ ಅಂದೇಳಿ."

"ಕಂಡ್ ಸುಮ್ನಿದ್ಯಾ? ಹೇಳುಕಾಗ್ದಾ?"

"ಹೇಳಿರೆ ನೀವ್ ಕಾರ್ ತಕಂತಿದ್ರ್ಯಾ? ಇನ್ನೆರ್ಡ್ ವರ್ಷ ವಿಚಾರ ಮಾಡ್ತಿದ್ರಿ" ಎಂದು ಲೈನಿಂಗ್ ತುಂಡುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. "ನಂಗ್ ಕಾರ್ ಬೇಕಿತ್ತ್."

ನಾಲ್ಕು ವರ್ಷ ಈ ಮನೆಯಲ್ಲಿ ಗುಂಡುಸೂಜಿಯ ಹಿಂದೆ ಒಂದು ವಾಕ್ಯ ಸುಮ್ಮನೆ ಕೂತಿತ್ತು ಎಂಬುದನ್ನು ಅರಗಿಸಿಕೊಳ್ಳಲು ನನಗೆ ಆ ಮಧ್ಯಾಹ್ನ ಪೂರ್ತಿ ಬೇಕಾಯಿತು. ಕುಂದಾಪುರದಲ್ಲಿ ನನ್ನ ಅಂಗಡಿಗೆ ಕರೆಂಟು ಅಂದು ಬರಲೇ ಇಲ್ಲ.

ಮಂಗಳವಾರ ನಾನೂ ಬೈಂದೂರಿಗೆ ಹೊರಟೆ, ಪರೀಕ್ಷೆಗೆ. ಹೊಲಿಗೆ ಕ್ಲಾಸಿನ ಜಗಲಿಯಲ್ಲಿ ಎರಡು ಗಂಟೆ ಕೂತೆ. "ಹ್ವಾಯ್ ಟೀಚರೆ, ಹೊರ್ಗ್ ಕೂಕಂಡದ್ ಯಾರ್? ಡ್ರೈವರ್ರಾ?" ಎಂದು ಒಬ್ಬಳು ಕೇಳಿದ್ದು ನನಗೆ ಕೇಳಿಸಿತು. "ಅಲ್ಲ, ಡ್ರೈವರ್ ನಾನ್. ಅವ್ರ್ ಲೈಟ್ ಕಾಂಬುಕ್ ಬಂದದ್ದ್" ಎಂದಳು ವನಜ. ಒಳಗಿನ ನಗುವಿಗೆ ಮಿಷನ್ನುಗಳು ಸ್ವಲ್ಪ ಹೊತ್ತು ನಿಂತವು. ಆರೂವರೆಗೆ ಹೊರಟೆವು. ಹೊರಡುತ್ತಲೇ ಮಳೆ. ವನಜ ಲೈಟು ಹಾಕಿದಳು. ಬೆಳಕು ರಸ್ತೆಯ ಮೇಲೆ ಚಾಪೆ ಬಿಡಿಸಿದಂತೆ ಉದ್ದಕ್ಕೆ ಹೋಗಿ ಬಿತ್ತು. ನಾವುಂದದಲ್ಲಿ ಅದೇ ಎಮ್ಮೆ, ಅಥವಾ ಅದರ ಸಂಬಂಧಿ, ನಡುರಸ್ತೆಯಲ್ಲಿ ನಿಂತದ್ದು ಎಷ್ಟೋ ದೂರದಿಂದಲೇ ಕಂಡಿತು. ಅದರ ಕಿವಿ ಅಲುಗಿದ್ದೂ ಕಂಡಿತು. ವನಜ ನಿಧಾನ ಮಾಡಿ, ಬದಿಯಿಂದ ದಾಟಿಸಿಕೊಂಡು ಮುಂದೆ ಹೋದಳು. ಅವಳ ಹೆಗಲು ಇಳಿದದ್ದು ನನಗೆ ಗೊತ್ತಾಯಿತು.

ಅಲ್ಲಿಗೆ ಸಾಕಿತ್ತು. ಆದರೆ ನನ್ನ ತಲೆಯಲ್ಲಿ ಬಾಬಣ್ಣ ಕೂತಿದ್ದ. ಈಗ ಮಳೆ ಬರುತ್ತಿದೆ. ಹೆಡ್‌ಲೈಟು ಒದ್ದೆಯಾಗಿದೆ. ಒದ್ದೆ ಇದ್ದಾಗ ಎಲ್ಲ ಚಂದವೇ. ಹಾಗಿದ್ದರೆ ಎಮ್ಮೆ ಕಂಡದ್ದು ನಮ್ಮ ಕೆಲಸದಿಂದಲೋ, ಮಳೆಯಿಂದಲೋ? ಹಾಗೆಂದರೆ ಹೋದ ಶುಕ್ರವಾರವೂ ಮಳೆಯಿತ್ತಲ್ಲ, ಆಗೇಕೆ ಕಾಣಲಿಲ್ಲ? ನಿನ್ನೆ ಬಿಸಿಲಿನಲ್ಲಿ ಕಂಡದ್ದು ಇರುವೆಯೇ ಹೌದೋ? ವಿಚಾರ ಮಾಡಿದಷ್ಟೂ ಮಂಜು ಹೆಚ್ಚಾಯಿತು. ಮರವಂತೆಯಲ್ಲಿ, ಒಂದು ಕಡೆ ಸಮುದ್ರ ಹೂಂಕರಿಸುತ್ತಿರುವಲ್ಲಿ, "ಒಂದ್ ನಿಮಿಷ ಬದಿಗ್ ನಿಲ್ಸ್" ಎಂದೆ. "ಎಂತಕ್ಕೆ?" "ಒಣಗಿಸಿ ಕಾಂಬುಕೆ." ವನಜ ಕಾರು ನಿಲ್ಲಿಸಿ ನನ್ನ ಮುಖ ನೋಡಿದಳು. ಪಂಚೆಯ ತುಂಡು ತೆಗೆದುಕೊಂಡು ಇಳಿದೆ. ಹೆಡ್‌ಲೈಟಿನ ಎದುರು ಕುಕ್ಕರುಗಾಲಲ್ಲಿ ಕೂತು ಒರೆಸಿದೆ. ಒರೆಸಿದಷ್ಟೂ ಮಳೆ ಸುರಿಯಿತು. ಬೇಗಬೇಗ ಒರೆಸಿದೆ. ಮಳೆಯೂ ಬೇಗಬೇಗ ಸುರಿಯಿತು. ಹಿಂದಿನಿಂದ ಬಂದ ಬೈಂದೂರಿನ ಬಸ್ಸೊಂದು ಏನೋ ಅನಾಹುತವೆಂದು ತಿಳಿದು ಪಕ್ಕದಲ್ಲಿ ನಿಂತಿತು. ಕಿಟಕಿಗಳೆಲ್ಲ ಒಂದೊಂದು ಬೆರಳು ತೆರೆದವು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಹ್ವಾಯ್, ಎಂತ ಆಯ್ತ್? ಎಂತ ಮಾಡ್ತಿದ್ರಿ ಅಲ್ಲ್?" ಎಂದು ಕೂಗಿದ.

"ಲೈಟ್ ಒಣಗಿಸ್ತಿದ್ದೆ" ಎಂದೆ.

ಬಸ್ಸು ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ಹೊರಟಿತು. ವನಜ ಗಾಜು ಇಳಿಸಿ, "ಬನ್ನಿ, ಕೂಕಣಿ. ಲೈಟ್ ಸಮಾ ಇತ್ತ್. ಎಮ್ಮಿಗಿಂತ ಸಮಾ ನೀವ್ ಕಾಂತಿದ್ರಿ" ಎಂದಳು. ಹೆಮ್ಮಾಡಿಯಲ್ಲಿ ಅವಳು ಹೇಳಿದಳು, "ಶುಕ್ರವಾರ ನೀವ್ ಬಪ್ಪುದ್ ಬೇಡ. ನಾನೊಬ್ಳೇ ಹೋಯ್ ಬತ್ತೆ."

ಮರವಂತೆಯಲ್ಲಿ ನಾನು ಇಳಿದಾಗ ಕೈಯಲ್ಲಿ ಕೊಡೆ ಹಿಡಿದಿದ್ದೆ ಎಂದು ನನ್ನ ನೆನಪು. ವನಜ ಹೇಳುವ ಪ್ರಕಾರ ಕೊಡೆ ಹಿಂದಿನ ಸೀಟಿನಲ್ಲೇ ಇತ್ತು, ಒಣಗಿಕೊಂಡು. ನಾನು ವಾದ ಮಾಡಲಿಲ್ಲ. ಉಜ್ಜಿ ಹೊಸದಾದ ಎರಡು ಹೆಡ್‌ಲೈಟುಗಳ ಬೆಳಕಿನಲ್ಲಿ ನಾನು ಕೂತಿದ್ದನ್ನು ಒಂದು ಬಸ್ಸು ತುಂಬ ಜನ ನೋಡಿದ್ದಾರೆ. ಅವರಿಗೆಲ್ಲ ಚೆನ್ನಾಗಿ ನೆನಪಿರುತ್ತದೆ.